ಕಿವಿಯಮ್ಮನ ಎರಡು ಕುರ್ಚಿ

ನಮ್ಮ ಮೇಲಿನ ಮನೆಯ ಪುಟ್ಟಿಗೆ ಮಾತು ಚೆನ್ನಾಗಿಯೇ ಬರುತ್ತದೆ. ಮೆಟ್ಟಿಲ ಮೇಲೆ ಕೂತು ಬೆಕ್ಕಿನ ಜೊತೆ ಹರಟುವುದನ್ನು ನಾನೇ ಕೇಳಿದ್ದೇನೆ. ಅಂಥ ಹುಡುಗಿ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಟ್ಟಳು. ಟೀಚರ್ ಏನು ಕೇಳಿದರೂ ಕೈಸನ್ನೆ. ಲೆಕ್ಕ ಮಾಡಿದ್ಯಾ ಅಂದರೆ ಅಂಗೈಯನ್ನು ಭುಜದ ಹಿಂದಕ್ಕೆ ಎಸೆದ ಹಾಗೆ ಮಾಡುತ್ತಾಳೆ. ಟೀಚರ್ ತಾಯಿಯನ್ನು ಕರೆಸಿ, "ಮಗೂಗೆ ಏನಾದ್ರೂ ತೊಂದರೆ ಇದೆಯಾ? ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ಕೇಳಿದರು.

ತೊಂದರೆ ಮಗುವಿಗಿರಲಿಲ್ಲ, ಮನೆಗಿತ್ತು.

ಆ ಸನ್ನೆ ನಮ್ಮ ನೇಯ್ಗೆ ಮಿಲ್ಲಿನದು. ಮಗ್ಗದ ಶೆಡ್ಡಿನಲ್ಲಿ ಎಷ್ಟು ಗದ್ದಲ ಎಂದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಅದಕ್ಕೇ ಅಲ್ಲಿಯವರು ಕೈಯಲ್ಲೇ ಮಾತಾಡುತ್ತಾರೆ. ಚಹಾಕ್ಕೆ ಬಾ, ಎಣ್ಣೆ ಕೊಡು, ಮೇಸ್ತ್ರಿ ಬಂದ, ಎಲ್ಲಕ್ಕೂ ಒಂದೊಂದು ಸನ್ನೆ. ಅಂಗೈ ಹಿಂದಕ್ಕೆ ಎಸೆದರೆ 'ಆಮೇಲೆ' ಎಂದು. ಎರಡು ಮುಷ್ಟಿ ಜೋಡಿಸಿ ಫಟ್ಟನೆ ಬೇರೆ ಮಾಡಿದರೆ 'ಎಳೆ ಕಡೀತು' ಎಂದು. ಈ ಸನ್ನೆ ಕಂಡರೆ ಮಾತ್ರ ಮಗ್ಗ ರಿಪೇರಿ ಮಾಡುವ ಫಿಟ್ಟರ್ ಆದವನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಲೇಬೇಕು. ಕಡಿದ ಎಳೆಯನ್ನು ನೋಡದೆ ಮಗ್ಗ ಓಡಿಸಿದರೆ ಬಟ್ಟೆಯ ಉದ್ದಕ್ಕೂ ಬಿರುಕು ಬೀಳುತ್ತದೆ.

ಪುಟ್ಟಿಯ ಅಪ್ಪ ಆ ಶೆಡ್ಡಿನ ಫಿಟ್ಟರ್. ಅವಳ ಅಮ್ಮನೂ ಮೊದಲು ಅಲ್ಲೇ ಮಗ್ಗ ನೋಡುತ್ತಿದ್ದವಳು. ಮಗು ಹುಟ್ಟಿದ ಮೇಲೆ ಬಟ್ಟೆ ಪರೀಕ್ಷಿಸುವ ಕೋಣೆಗೆ ಬಂದಳು. ಇಬ್ಬರ ಪ್ರೀತಿ ಹುಟ್ಟಿದ್ದೇ ಸನ್ನೆಯಲ್ಲಿ. ನಾನು ಮಿಲ್ಲಿನ ಕ್ಯಾಂಟೀನಿನಲ್ಲಿ ಚಹಾ ಮಾಡುವವಳು. ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಕೂತು ಕೈಯಾಡಿಸಿಕೊಂಡು ನಗುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಇವರಿಬ್ರೂ ಮದುವೆ ಆದ್ರೆ ಮನೇಲಿ ಸದ್ದೇ ಇರಲ್ಲ ಬಿಡಿ" ಎಂದು ಆಗ ತಮಾಷೆ ಮಾಡಿದ್ದೆ. ಯಾವ ಗಳಿಗೆಯಲ್ಲಿ ಅಂದೆನೋ, ಹಾಗೇ ಆಯಿತು.

ಫಿಟ್ಟರನ ತಾಯಿಗೆ ಅದೇ ದೊಡ್ಡ ಹೆಮ್ಮೆ. "ನಮ್ಮನೇಲಿ ಒಂದು ದಿನಾನಾದ್ರೂ ಗಲಾಟೆ ಕೇಳಿದ್ದೀಯಾ? ಮಾತು ಬೆಳ್ಳಿ, ಮೌನ ಬಂಗಾರ" ಎಂದು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಕೆಳಗಿನ ಮನೆಯವಳು ನಾನು. ನನ್ನ ತಲೆಯ ಮೇಲೇ ಅವರ ಸಂಸಾರ. ತಟ್ಟೆ ಇಡುವ ಸದ್ದು, ನಡೆಯುವ ಸದ್ದು, ಕಿವಿ ಕಿತ್ತುಹೋಗುವಷ್ಟು ಜೋರಾದ ಟಿವಿ ಎಲ್ಲ ಕೇಳಿಸುತ್ತಿತ್ತು. ಮಾತು ಮಾತ್ರ ಇಲ್ಲ. ಜಗಳ ಆಡುವ ಮನೆಯ ಕೆಳಗೆ ನಾನು ನೆಮ್ಮದಿಯಾಗಿ ಇರಬಲ್ಲೆ, ಯಾರೂ ಮಾತಾಡದ ಮನೆಯ ಕೆಳಗೆ ಇರುವುದು ಕಷ್ಟ. ಏನೋ ಆಗುತ್ತದೆ, ಇವತ್ತೋ ನಾಳೆಯೋ ಆಗುತ್ತದೆ ಎಂದು ಕಾಯುತ್ತಲೇ ಇರುತ್ತಿದ್ದೆ.

ಟೀಚರನ್ನು ನೋಡಿ ಬಂದ ಮಧ್ಯಾಹ್ನ ಪುಟ್ಟಿಯ ಅಮ್ಮ ಕ್ಯಾಂಟೀನಿಗೆ ಬಂದಳು. ಚಹಾ ಮುಟ್ಟಲಿಲ್ಲ.

"ಅಕ್ಕಾ, ಭಾನುವಾರ ನಮ್ಮಕ್ಕ ಬರ್ತಾಳೆ. ನಾನು, ಮಗು, ಅವಳ ಜೊತೆ ಹೋಗ್ತಿದ್ದೀವಿ."

"ರಜಕ್ಕಾ?"

"ಅಲ್ಲ, ಪೂರ್ತಿ. ಮಂಚದ ಕೆಳಗೆ ಬ್ಯಾಗ್ ತುಂಬಿಟ್ಟಾಗಿದೆ."

"ಹೊಡೀತಾನಾ?" ಎಂದೆ.

"ಹೊಡೆಯೋದಕ್ಕಾದ್ರೂ ಹತ್ತಿರ ಬರಬೇಕಲ್ಲ ಅಕ್ಕಾ! ಗೋಡೆಗೆ ಹೇಳಿದ್ರೂ ಒಂದೇ, ಅವರಿಗೆ ಹೇಳಿದ್ರೂ ಒಂದೇ. ಅಡುಗೆಮನೆಯಿಂದ ಕರೆದ್ರೆ ತಿರುಗಲ್ಲ. ಪಕ್ಕದಲ್ಲಿ ಕೂತು ಮಾತಾಡಿಸಿದ್ರೆ ಎದ್ದು ಆ ಕಡೆ ಹೋಗಿ ಕೂರ್ತಾರೆ. ಜೋರಾಗಿ ಕೇಳಿದ್ರೆ ಕೈ ಹಿಂದಕ್ಕೆ ಎಸೀತಾರೆ, ಆಮೇಲೆ ಅಂತ. ಆ ಆಮೇಲೆ ಬಂದಿದ್ದೇ ಇಲ್ಲ. ಅವರಿಗೆ ನಾನು ಬೇಡ. ಬಾಯಿಬಿಟ್ಟು ಹೇಳೋದಕ್ಕೂ ಬೇಜಾರು."

ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಕಿವಿಯಮ್ಮನ ಹತ್ತಿರ ಹೋಗಿ" ಎಂದೆ.

ಅವಳು ನಕ್ಕುಬಿಟ್ಟಳು. ನಮ್ಮ ಬೀದಿಯಲ್ಲಿ ಕಿವಿಯಮ್ಮನ ಹೆಸರು ಹೇಳಿದರೆ ಎಲ್ಲರೂ ಮೊದಲು ನಗುತ್ತಾರೆ.

ಕಿವಿಯಮ್ಮ ಎಂದರೆ ಯಾರು ಎಂದು ನಿಮಗೆ ಹೇಳಬೇಕು. ಬಹಳ ಹಿಂದೆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ಅವರದು. ಸದ್ದು ಒಳಬರದ ಗಾಜಿನ ಕಿಟಕಿಯ ಪುಟ್ಟ ಗೂಡು, ಅದರೊಳಗೊಂದು ಕುರ್ಚಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು ಸದ್ದು ಕೇಳಿಸಿದಾಗ ಬೆರಳೆತ್ತಬೇಕು. ಅಲ್ಲಿಗೆ ಹೆಂಗಸರು ಗಂಡಂದಿರನ್ನು ಎಳೆದುಕೊಂಡು ಬರುತ್ತಿದ್ದರು. "ನಾನು ಹೇಳೋದು ಒಂದೂ ಇವರಿಗೆ ಕೇಳ್ಸಲ್ಲ ಡಾಕ್ಟ್ರೇ." ಪರೀಕ್ಷೆ ಮಾಡಿದರೆ ಬಹಳ ಜನರ ಕಿವಿ ಸರಿಯಾಗಿಯೇ ಇರುತ್ತಿತ್ತು! ಗಂಡಸರೂ ಹೆಂಡತಿಯರನ್ನು ಕರೆತರುತ್ತಿದ್ದರು. ಆ ಕಿವಿಗಳೂ ಸರಿ. ಆಸ್ಪತ್ರೆಯ ಉಳಿದವರು 'ಏನೂ ತೊಂದರೆ ಇಲ್ಲ' ಎಂದು ಬರೆದು ಕಳಿಸುತ್ತಿದ್ದರು. ಈಕೆಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಕಿವಿ ಸರಿ ಇದ್ದೂ ಕೇಳಿಸದಿದ್ದರೆ ಅದಕ್ಕೂ ಒಂದು ಚಿಕಿತ್ಸೆ ಬೇಕಲ್ಲ? ಗೂಡಿನೊಳಕ್ಕೆ ಇನ್ನೊಂದು ಕುರ್ಚಿ ಹಾಕಿದರು. ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕೂರಿಸಿದರು. ಅದಕ್ಕಾಗಿ ಬೇರೆ ಓದು ಓದಿದರು, ತರಬೇತಿ ಪಡೆದರು.

ದಂಪತಿಗಳಿಗೆ ಚಿಕಿತ್ಸೆ ಎನ್ನುವುದನ್ನು ನಮ್ಮ ಊರು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಆಸ್ಪತ್ರೆಯ ಮೇಲಧಿಕಾರಿಗಳು ಗದರಿದರು. ಇದು ಆಸ್ಪತ್ರೆಯೋ, ಪಂಚಾಯ್ತಿ ಕಟ್ಟೆಯೋ ಎಂದರು. ಹಳೆಯದಾಯಿತೆಂದು ಆ ಗೂಡನ್ನು ಹೊರಗೆ ಹಾಕಿದ ದಿನ ಈಕೆಯೂ ಹೊರಬಂದರು. ಗಂಡ ಕೈಗಾಡಿ ತಂದರು. ಇಬ್ಬರೂ ಸೇರಿ ಗೂಡನ್ನು ಬಿಚ್ಚಿ, ತಳ್ಳಿಕೊಂಡು ಬಂದು, ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮತ್ತೆ ಜೋಡಿಸಿದರು. ಬೀದಿ ಅವರಿಗೆ ಮನೆಮುರುಕಿ ಎಂದು ಹೆಸರಿಟ್ಟಿತು. ಒಬ್ಬ ದೊಣ್ಣೆ ಹಿಡಿದು ಬಂದಿದ್ದನಂತೆ, ನನ್ನ ಹೆಂಡತಿ ತಲೆಗೆ ಏನು ತುಂಬಿದ್ದೀಯ ಎಂದು. ಕಿವಿಯಮ್ಮ ಅವನ ದೊಣ್ಣೆಯನ್ನು ಮೂಲೆಗೆ ಒರಗಿಸಿ, "ಮೊದಲು ಕಿವಿ, ಆಮೇಲೆ ಮಾತು" ಎಂದು ಗೂಡಿನೊಳಗೆ ಕೂರಿಸಿ ಹೆಡ್‌ಫೋನ್ ಹಾಕಿಯೇಬಿಟ್ಟರು. ಹೋಗುವಾಗ ದೊಣ್ಣೆ ಮರೆತು ಹೋದ. ಈಗ ಅವರು ಅದನ್ನು ಕಿಟಕಿಯ ಬಾಗಿಲು ಮುಚ್ಚಿಕೊಳ್ಳದಂತೆ ಆನಿಸಲು ಬಳಸುತ್ತಾರೆ.

ನಾನೂ ನನ್ನ ಯಜಮಾನರೂ ಹೋಗಿದ್ದೆವು. ನಮ್ಮದು ಬೇರೆ ಕಥೆ. ಅವರು ಮಾತು ಮುಗಿಸುವುದಕ್ಕೆ ನಾನು ಬಿಡುತ್ತಿರಲಿಲ್ಲ ಎನ್ನುವುದು ಅವರ ದೂರು. ಈಗ ಬಿಡುತ್ತೇನೆ, ಕೆಲವು ಸಲ.

ಇಷ್ಟೆಲ್ಲ ಪುಟ್ಟಿಯ ಅಮ್ಮನಿಗೆ ಹೇಳಿದೆ. ಸಂಜೆ ಮೇಲಿನ ಮನೆಗೂ ಹೋಗಿ, ಬ್ಯಾಗಿನ ಸುದ್ದಿ ಬಿಟ್ಟು, ಕಿವಿಯಮ್ಮನ ವಿಷಯವನ್ನು ಅವಳ ಅತ್ತೆಯ ಮುಂದೆ ಹೇಳಿದೆ. ಅವರು ಸಿಡಿದರು.

"ಮನೆ ಮಾತು ಬೀದಿಗೆ ತರ್ತೀಯಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅದಕ್ಕೊಬ್ಬಳು ಡಾಕ್ಟರಮ್ಮ ಬೇರೆ!"

"ಜಗಳ ಆಡಿದ್ರೆ ತಾನೇ ಉಂಡು ಮಲಗೋ ತನಕ? ಇವರು ಆಡೋದೇ ಇಲ್ಲವಲ್ಲ. ಮುಗಿಯೋದು ಯಾವಾಗ?"

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?"

"ನಿಮ್ಮ ಕಾಲದಲ್ಲಿ ನಿಮ್ಮ ಯಜಮಾನರು ನಿಮ್ಮ ಹತ್ತಿರ ಮಾತಾಡ್ತಿದ್ರಾ?"

ಮುದುಕಿ ಮುಖ ತಿರುಗಿಸಿಕೊಂಡರು. ಆ ಪ್ರಶ್ನೆ ಕೇಳಬಾರದಿತ್ತು ಎಂದು ಆಗಲೇ ಅನಿಸಿತು. ಸೊಸೆ ಮಂಚದ ಕಡೆ ನೋಡುತ್ತಾ ನಿಂತಿದ್ದಳು. ಬ್ಯಾಗಿನ ಹಿಡಿ ಹಾಸಿಗೆಯ ಅಂಚಿನ ಕೆಳಗೆ ಕಾಣುತ್ತಿತ್ತು. ಅತ್ತೆಗಾಗಲಿ ಗಂಡನಿಗಾಗಲಿ ಅದು ಇನ್ನೂ ಕಂಡಿರಲಿಲ್ಲ. ನನಗೆ ಮಾತ್ರ ಅದರ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

ಮರುದಿನ ಫಿಟ್ಟರನನ್ನೇ ಹಿಡಿದೆ. ಕ್ಯಾಂಟೀನಿನಲ್ಲಿ ಅವನು ಯಾವಾಗಲೂ ಗೋಡೆಯ ಮೂಲೆಯಲ್ಲಿ, ಎಡಭುಜ ಗೋಡೆಗೆ ತಾಗುವ ಹಾಗೆ ಕೂರುತ್ತಿದ್ದ. ಎದುರು ನಿಂತು ಹೇಳಿದೆ. ನನ್ನ ಬಾಯನ್ನೇ ನೋಡುತ್ತಾ ಕೇಳಿಸಿಕೊಂಡ. ಕಣ್ಣಿಗೆ ಕಣ್ಣು ಕೊಡುತ್ತಿಲ್ಲ, ಕಳ್ಳತನ ಇದೆ ಎಂದುಕೊಂಡೆ.

"ಇಬ್ಬರೂ ಒಂದು ಸಲ ಹೋಗಿ ಬನ್ನಿ. ಹೆದರಬೇಡ, ಬೈಯಲ್ಲ. ಮೊದಲು ಕಿವಿ ಪರೀಕ್ಷೆ ಮಾಡ್ತಾರೆ, ಅಷ್ಟೇ."

ಅವನ ಮುಖ ಬಿಳುಚಿಕೊಂಡಿತು. "ಕಿವಿ ಪರೀಕ್ಷೆನಾ? ಬೇಡ" ಎಂದ.

"ಯಾಕೆ?"

ಅಂಗೈ ಭುಜದ ಹಿಂದಕ್ಕೆ ಹೋಯಿತು. ಆಮೇಲೆ. ಚಹಾ ಅರ್ಧಕ್ಕೆ ಬಿಟ್ಟು ಹೊರಟೇಹೋದ. ಬೇರೆ ಯಾರನ್ನೋ ಇಟ್ಟುಕೊಂಡಿದ್ದಾನೆ, ಗೂಡಿನೊಳಗೆ ಬಾಯಿಬಿಡಬೇಕಾಗುತ್ತದೆಂದು ಹೆದರಿದ್ದಾನೆ ಎಂದು ನನ್ನ ತಲೆ ಓಡಿತು. ಭಾನುವಾರ ಹತ್ತಿರ ಬರುತ್ತಿತ್ತು. ಹಾಲು ಉಕ್ಕಿಸಿದೆ, ಲೋಟ ಒಡೆದೆ, ಯಾರಿಗೋ ಸಕ್ಕರೆ ಇಲ್ಲದ ಚಹಾ ಕೊಟ್ಟು ಬೈಸಿಕೊಂಡೆ.

ಶನಿವಾರ ಬೆಳಿಗ್ಗೆ ನಡೆದದ್ದನ್ನು ಅತ್ತೆಯೇ ನನಗೆ ಹೇಳಿದರು. ಫಿಟ್ಟರ್ ಟಿವಿ ಮುಂದೆ ಕೂತಿದ್ದ. ಪುಟ್ಟಿ ಚೆಂಡು ಹುಡುಕುತ್ತಾ ಮಂಚದ ಕೆಳಗೆ ತೂರಿದವಳು ಬ್ಯಾಗನ್ನು ಎಳೆದು ತಂದಳು. ಜಿಪ್ ತೆಗೆದಳು. ತನ್ನ ಬಟ್ಟೆ, ಅಮ್ಮನ ಬಟ್ಟೆ, ತನ್ನ ಶಾಲೆಯ ಬೂಟು. ಅಪ್ಪನದು ಒಂದೂ ಇಲ್ಲ. ಮಗು ಎಷ್ಟೋ ಹೊತ್ತು ಒಳಗೆ ಕೈಯಾಡಿಸಿ ಹುಡುಕಿತಂತೆ. ಆಮೇಲೆ ಟಿವಿಗೆ ಅಡ್ಡವಾಗಿ ನಿಂತು, ಎರಡು ಪುಟ್ಟ ಮುಷ್ಟಿಗಳನ್ನು ಜೋಡಿಸಿ, ಫಟ್ಟನೆ ಬೇರೆ ಮಾಡಿತು.

ಎಳೆ ಕಡೀತು.

ಫಿಟ್ಟರ್ ದಡಕ್ಕನೆ ಎದ್ದು ನಿಂತ. ಆ ಸನ್ನೆ ಕಂಡು ಕೂತೇ ಇದ್ದು ಅವನಿಗೆ ಅಭ್ಯಾಸವಿಲ್ಲ. ಮಗು ಬ್ಯಾಗ್ ತೋರಿಸಿತು. ಅವನು ಅದರ ಮುಂದೆ ಮೊಣಕಾಲೂರಿ ಕೂತು ಒಂದೊಂದೇ ಬಟ್ಟೆ ತೆಗೆದು ನೋಡಿದ. ಹೆಂಡತಿ ಬಾಗಿಲಲ್ಲಿ ಬಂದು ನಿಂತಾಗ, "ಆ ಕಿವಿಯಮ್ಮನ ಹತ್ತಿರ ಹೋಗೋಣ. ಈಗಲೇ" ಎಂದ. ಬೇಡ ಎನ್ನಲು ಬಾಯಿ ತೆರೆದಿದ್ದ ಅತ್ತೆ ಮೊಮ್ಮಗಳ ಮುಷ್ಟಿ ನೋಡಿ ಬಾಯಿ ಮುಚ್ಚಿಕೊಂಡರು.

ಇನ್ನು ಗೂಡಿನೊಳಗಿನ ಮಾತು. ಕಿವಿಯಮ್ಮ ಒಳಗಿನದನ್ನು ಹೊರಗೆ ಬಿಡುವವರಲ್ಲ. ಇದನ್ನು ನನಗೆ ಹೇಳಿದ್ದು ಆ ಗಂಡ ಹೆಂಡತಿಯೇ. ನಾಲ್ಕು ಜನಕ್ಕೆ ಉಪಯೋಗ ಆಗಲಿ, ಹೇಳಿ ಎಂದವರೂ ಅವರೇ.

ಹೊರಗಿನ ಕೋಣೆಯಲ್ಲಿ ಕಿವಿಯಮ್ಮನ ಯಜಮಾನರು ಪುಟ್ಟಿಗೆ ಕಾಗದದ ದೋಣಿ ಮಾಡಿಕೊಡುತ್ತಿದ್ದರು. ದಂಪತಿ ಒಳಗಿದ್ದಾಗ ಮಕ್ಕಳನ್ನು ನೋಡಿಕೊಳ್ಳುವುದು ಅವರ ಕೆಲಸ. ಕಿವಿಯಮ್ಮನಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಅವರ ಕಿವಿಯಲ್ಲೂ ಒಂದು ಪುಟ್ಟ ಮಷೀನು. "ನಗಬೇಡಿ, ಅಡುಗೆಯವಳಿಗೂ ಹಸಿವಾಗುತ್ತೆ" ಎನ್ನುತ್ತಾರೆ.

ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದರು. ಹೆಂಡತಿಯನ್ನು ಕೇಳಿದ ಮೊದಲ ಪ್ರಶ್ನೆ: "ಅವನನ್ನ ಕಂಡ್ರೆ ಹೆದರಿಕೆ ಇದೆಯಾ? ನಿಜ ಹೇಳು."

"ಇಲ್ಲ."

"ಇದ್ದಿದ್ರೆ ಇಬ್ಬರನ್ನೂ ಒಟ್ಟಿಗೆ ಕೂರಿಸ್ತಿರಲಿಲ್ಲ. ಹೊಡೆಯೋ ಮನೆಗೆ ನನ್ನ ಕುರ್ಚಿ ಔಷಧ ಅಲ್ಲ. ಅಂಥವರಿಗೆ ಮೊದಲು ಸುರಕ್ಷಿತವಾದ ಜಾಗ ಬೇಕು, ಮಾತುಕತೆ ಅಲ್ಲ."

ಆಮೇಲೆ ಕಿವಿ. ಹೆಂಡತಿಯದು ಬೇಗ ಮುಗಿಯಿತು. ಗಂಡ ಗೂಡಿನೊಳಗೆ ಕೂತ. "ನಿನ್ನ ಹೆಂಡತಿ ಇಲ್ಲಿ ನಿಂತು ನೋಡಬಹುದಾ?" ಎಂದು ಕಿವಿಯಮ್ಮ ಕೇಳಿದಾಗ ತಲೆ ತಗ್ಗಿಸಿ ಹೂಂ ಎಂದ. ಗಾಜಿನಾಚೆ ಅವನು, ಈಚೆ ಇವಳು. ಬಲಗಿವಿಗೆ ಸದ್ದು ಬಿಟ್ಟಾಗ ಕೊಂಚ ತಡವಾಗಿಯಾದರೂ ಬೆರಳು ಎದ್ದಿತು. ಎಡಗಿವಿಗೆ ಬಿಟ್ಟರು. ಬೆರಳು ತೊಡೆಯ ಮೇಲೇ ಇತ್ತು. ಸದ್ದು ಏರಿಸುವ ಗುಂಡಿ ತಿರುಗಿಸಿದರು. ಏಳಲಿಲ್ಲ. ಇನ್ನೂ ತಿರುಗಿಸಿದರು.

"ಮಷೀನು ಸರಿ ಇದೆಯಾ ಅಮ್ಮಾ?" ಎಂದಳು ಇವಳು.

"ಮಷೀನು ಸರಿ ಇದೆ ಮಗಳೇ."

ಆಗ ಅವಳಿಗೆ ಒಂದೊಂದೇ ನೆನಪಾಯಿತು. ಜೋರು ಟಿವಿ. ಅವನ ಎಡಗಡೆ ತಾನು ಕೂತರೆ ಅವನು ಎದ್ದು ಜಾಗ ಬದಲಿಸುತ್ತಿದ್ದದ್ದು. ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದದ್ದು. ಗಾಜಿನಾಚೆಯಿಂದ ಅವನು ಅವಳನ್ನು ನೋಡುತ್ತಿದ್ದ. ಅಷ್ಟು ಹೆದರಿದ ಮುಖವನ್ನು ಅವಳು ಎಂದೂ ನೋಡಿರಲಿಲ್ಲ.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಂಡಿರಾ? ಇಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎರಡು ಕುರ್ಚಿಯಲ್ಲಿ ಎದುರು ಬದುರು ಕೂತ ಕೂಡಲೇ ಕೇಳಿದಳು: "ಕಿವಿ ಕೇಳ್ಸಲ್ಲ, ಸರಿ. ಬಾಯಿಗೇನಾಗಿತ್ತು?"

"ನಾನೇನು ಬೇಕು ಅಂತ..." ಎಂದು ಅವನು ಶುರು ಮಾಡಿದ.

ಕಿವಿಯಮ್ಮ ಕೈ ಎತ್ತಿದರು. ಅವರ ಚಿಕಿತ್ಸೆಯ ಕಟ್ಟುಪಾಡು ಸುಲಭ, ಮಾಡಲು ಹೋದರೆ ಬೆವರಿಳಿಯುತ್ತದೆ. ಒಬ್ಬರು ಹೇಳಬೇಕು. ಇನ್ನೊಬ್ಬರು ಉತ್ತರ ಕೊಡುವ ಮೊದಲು, ತನಗೆ ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಹೇಳಿದವರು "ಹೌದು, ಅದೇ" ಎನ್ನುವವರೆಗೂ ಉತ್ತರಕ್ಕೆ ಅಪ್ಪಣೆ ಇಲ್ಲ.

"ಅವಳು ಏನು ಕೇಳಿದಳು ಹೇಳು."

"ನನ್ನ ಮೇಲೆ ಕೋಪ ಇದೆ ಅಂತ..."

"ಅದಾ, ಮಗಳೇ?"

"ಅಲ್ಲ. ನಾನು ಬೇಡವಾದೆ ಅಂದ್ಕೊಂಡು ದಿನಾ ಸತ್ತೆ. ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ."

ಅವನು ಎರಡು ಸಲ ತಪ್ಪಿದ. ನನ್ನ ಕಷ್ಟ ನಿನಗೆ ಗೊತ್ತಿಲ್ಲ ಎಂದ, ಅಮ್ಮ ಎದುರಿಗಿದ್ದಳು ಎಂದ. ಕಿವಿಯಮ್ಮ ಪ್ರತಿ ಸಲವೂ ತಡೆದರು. ಕೊನೆಗೆ ನಿಧಾನಕ್ಕೆ, "ನಾನು ಸುಮ್ಮನಿದ್ದಿದ್ದಕ್ಕೆ, ನೀನು ನನಗೆ ಬೇಡ ಅಂತ ನೀನಂದ್ಕೊಂಡೆ. ದಿನಾ ಅದನ್ನೇ ಹೊತ್ಕೊಂಡು ಇದ್ದೆ" ಎಂದ. ಅವಳಿಂದ "ಹೌದು, ಅದೇ" ಬರುವ ಮೊದಲು ಅಳು ಬಂತು.

ಆಮೇಲೆ ಅವನ ಸರದಿ. "ಮಗ್ಗ ಕೆಟ್ಟಿದ್ರೆ ನಾನು ಕಿವಿಯಿಂದಲೇ ಹಿಡೀತಿದ್ದೆ. ಸದ್ದು ಕೇಳಿದ್ರೆ ಸಾಕು, ಯಾವ ಭಾಗ ಸಡಿಲ ಅಂತ ಗೊತ್ತಾಗ್ತಿತ್ತು. ಅದೇ ಹೋಗ್ತಾ ಇದೆ. ಮಿಲ್ಲಿಗೆ ಗೊತ್ತಾದ್ರೆ ಶೆಡ್ಡಿಂದ ತೆಗೀತಾರೆ. ನಿನಗೆ ಹೇಳಿದ್ರೆ ಅದು ನಿಜ ಆಗಿಬಿಡುತ್ತೆ ಅಂತ ಹೆದರಿಕೆ ಆಯ್ತು. ಕೆಲಸಕ್ಕೆ ಬಾರದವನು ಅಂತ ನೀನು ನನ್ನನ್ನ ಕನಿಕರದಿಂದ ನೋಡ್ತೀಯ ಅಂತ."

ಅವಳೂ ಮೊದಲ ಸಲ ತಪ್ಪಿದಳು. "ನಾನು ಹಾಗೆಲ್ಲ ನೋಡ್ತೀನಾ?" ಎಂದು ಸಿಡುಕಿದಳು. ತಡೆದರು. ಎರಡನೆಯ ಸಲ ಸರಿಯಾಗಿ ಹೇಳಿದಳು. ಎದ್ದು ತನ್ನ ಕುರ್ಚಿಯನ್ನು ಅವನ ಬಲಗಡೆಗೆ ಎಳೆದುಕೊಂಡಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಪುಟ್ಟಿಯ ಅಮ್ಮನ ಅಕ್ಕ ಬಂದಳು. ನಾನು ಬಾಗಿಲು ಅರೆ ತೆರೆದಿಟ್ಟು ಮೆಟ್ಟಿಲನ್ನೇ ನೋಡುತ್ತಾ ಕೂತಿದ್ದೆ, ನಾಚಿಕೆ ಬಿಟ್ಟು. ಮೇಲೆ ಮೊದಲ ಸಲ ದನಿಗಳು ಕೇಳಿಸಿದವು. ಏರಿದ ದನಿಗಳೂ ಇದ್ದವು. ಸಂಜೆ ಅಕ್ಕ ಒಬ್ಬಳೇ ಇಳಿದು ಹೋದಳು. ನಾನು ಆಗ ಎದ್ದು ಬಾಗಿಲು ಹಾಕಿಕೊಂಡೆ.

ಬ್ಯಾಗು ಇನ್ನೂ ಕೆಲವು ದಿನ ಮಂಚದ ಕೆಳಗೇ ಇತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಅವರು ಮತ್ತೆ ಮತ್ತೆ ಕಿವಿಯಮ್ಮನ ಹತ್ತಿರ ಹೋದರು. ಕಿವಿಯಮ್ಮ ಅವನನ್ನು ಕಿವಿಯ ಡಾಕ್ಟರ ಹತ್ತಿರ ಕಳಿಸಿದರು. ಹೋದದ್ದು ಪೂರ್ತಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದರಂತೆ ಡಾಕ್ಟರು. ಈಗ ಶೆಡ್ಡಿಗೆ ಹೋಗುವಾಗ ಕಿವಿಗೆ ಗದ್ದಲ ತಡೆಯುವ ಮುಚ್ಚಳ ಹಾಕುತ್ತಾನೆ. ಮಿಲ್ಲಿನ ಆಫೀಸಿಗೆ ತಾನೇ ಹೋಗಿ ವಿಷಯ ಹೇಳಿದ. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕಾದಿದ್ದಳು. ಏನು ತೀರ್ಮಾನ ಮಾಡುತ್ತಾರೋ ಇನ್ನೂ ಗೊತ್ತಿಲ್ಲ. ಹೆದರಿಕೆ ಹೋಗಿಲ್ಲ, ಆದರೆ ಈಗ ಅದನ್ನು ಹೊರುವವರು ಇಬ್ಬರು.

ಮೊನ್ನೆ ಅತ್ತೆ ಮೆಟ್ಟಿಲಲ್ಲಿ ಸಿಕ್ಕರು. "ಈಗ ಮನೇಲಿ ಒಂದೇ ಸಮನೆ ಮಾತು, ಮಾತು. ನನ್ನ ಧಾರಾವಾಹಿ ಕೇಳ್ಸೋದೇ ಇಲ್ಲ" ಎಂದು ಗೊಣಗಿದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದರು: "ಆ ಕಿವಿಯಮ್ಮ, ನಮ್ಮಂಥ ವಯಸ್ಸಾದವರ ಹತ್ತಿರಾನೂ ಮಾತಾಡ್ತಾರಾ?"

ಪುಟ್ಟಿ ಶಾಲೆಯಲ್ಲಿ ಈಗ ಬಾಯಿ ಮುಚ್ಚುವುದಿಲ್ಲವಂತೆ. ಟೀಚರ್ ಮತ್ತೆ ತಾಯಿಯನ್ನು ಕರೆಸಿದ್ದಾರೆ, ಅದಕ್ಕೇ.

ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈಗ ನಿಮ್ಮ ಮಾತು. ನಿಮ್ಮ ಮನೆಯಲ್ಲಿ ಗಲಾಟೆ ಇಲ್ಲವೇ? ಸಂತೋಷ. ಮಾತು ಇದೆಯೇ, ಅದನ್ನು ನೋಡಿಕೊಳ್ಳಿ. ಕರೆದರೆ ತಿರುಗದವರು ಇದ್ದರೆ ಬೆನ್ನಿಗೆ ಬೈಯಬೇಡಿ, ಎದುರು ಬಂದು ಕೇಳಿ. ಕಿವಿ ಪರೀಕ್ಷೆ ಮಾಡಿಸಿ, ಅದರಲ್ಲಿ ನಾಚಿಕೆ ಇಲ್ಲ. ಗದ್ದಲದ ಕೆಲಸದವರು ಕಿವಿ ಮುಚ್ಚಿಕೊಂಡು ಕೆಲಸ ಮಾಡಿ. ಹೆದರಿಕೆ ಏನಿದ್ದರೂ ನಿಮ್ಮ ಜೊತೆಯವರಿಗೆ ಬಾಯಿಬಿಟ್ಟು ಹೇಳಿ. ಇಬ್ಬರಿಂದ ಆಗದಿದ್ದರೆ, ದಂಪತಿಗಳ ಮಾತು ಕೇಳಲು ಕಲಿತವರು ಇರುತ್ತಾರೆ, ಆಸ್ಪತ್ರೆಯಲ್ಲಿ ವಿಚಾರಿಸಿ. ಆದರೆ ಮನೆಯಲ್ಲಿ ಹೊಡೆತ ಇದ್ದರೆ ಕಾಯಬೇಡಿ. ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ, ಸಹಾಯ ಕೇಳಿ.

ನಮ್ಮ ಶೆಡ್ಡಿನಲ್ಲಿ ಎಳೆ ಕಡಿದಾಗ ಯಾರೂ 'ಆಮೇಲೆ' ಎನ್ನುವುದಿಲ್ಲ. ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾರೆ. ನಿಮ್ಮ ಮನೆಯಲ್ಲೂ ಇವತ್ತೇ ನಿಲ್ಲಿಸಿ. ಮಕ್ಕಳು ಬಂದು ಮುಷ್ಟಿ ತೋರಿಸುವವರೆಗೆ ಕಾಯಬೇಡಿ.